ಸಿಲ್ವರ್ ಮರದ ಡಿಸ್ಕೊ

ಜನವರಿ 9, ಶುಕ್ರವಾರ

ಹಾಡು ಹಾಕಿ ಹೆಂಗಸರಿಂದ ಹೆಚ್ಚು ಕೆಲಸ ಕೀಳುವುದು ಮೋಸ. ಕಾಫಿ ಹಣ್ಣು ಕುಯ್ಯುವ ಕೈ ಮಧ್ಯಾಹ್ನದ ಮೇಲೆ ಸೋಲುತ್ತದೆ. ಸರಿಯಾಗಿ ಆಗ ಮ್ಯಾನೇಜರ್ ನಟರಾಜ್ ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಮರಕ್ಕೆ ಕಟ್ಟಿಸಿದ ಸ್ಪೀಕರ್ ಹಾಕುತ್ತಾನೆ. ಸೀಸನ್ ಶುರುವಾದಾಗಿನಿಂದ ಅದೇ ಹಾಡು — ಐವತ್ತು ವರ್ಷ ಹಳೆಯ ಅಮೆರಿಕದ ಡಿಸ್ಕೊ. ಕಪ್ಪು ಹೆಂಗಸೊಬ್ಬಳು ಎದೆ ಬಿರಿಯುವಂತೆ ಹಾಡುತ್ತಾಳೆ. ಕೈಗಳು ತಾಳಕ್ಕೆ ಸಿಕ್ಕಿ ಓಡುತ್ತವೆ. ಕರು ತೋರಿಸಿ ಹಾಲು ಕರೆದಂತೆ.

ಸ್ಟೋರ್ ಬಾಗಿಲಲ್ಲಿ ಹಣ್ಣು ತೂಗುವುದು ನನ್ನ ಕೆಲಸ. ತೂಗುತ್ತಾ ಕೆಳಗೆ ನೋಡಿದರೆ ನನ್ನ ಹಿಮ್ಮಡಿಯೂ ಕುಣಿಯುತ್ತಿತ್ತು. ಥೂ.

ಜನವರಿ 10, ಶನಿವಾರ

ಊಟದ ಹೊತ್ತಿಗೆ ಗಂಗಾಮಣಕ್ಕನಿಗೆ ಹೇಳಿದೆ — ಇದು ಶೋಷಣೆ, ಕಾರ್ಮಿಕ ಸಂಘದ ಕರಪತ್ರದಲ್ಲಿ ಓದಿದ್ದೇನೆ, ಹಾಡು ಬೇಡ ಅನ್ನಿ.

"ನಿನ್ ಕಾಗದಕ್ಕೆ ಬೆಂಕಿ ಬೀಳ, ಹೇಮಾ. ನಾನು ಲಂಗ ಹಾಕ್ತಿದ್ದ ಕಾಲದಿಂದ ಕೇಳಿರೋ ಹಾಡು ಕಣೇ. ಬಂಗ್ಲೆ ಒಳಗೆ ಸಾವ್ಕಾರ್ರು ಕುಣಿಯೋರು. ಹಿಂದ್ಗಡೆ ನಾವು ಪಾತ್ರೆ ತಿಕ್ತಾ ಕುಣೀತಿದ್ವಿ."

"ಅರ್ಥ ಗೊತ್ತಾ ಅಕ್ಕ?"

"ಯಾವನ್ನೋ ಬೈತಾವ್ಳೆ. ಚೆನ್ನಾಗಿ ಬೈತಾವ್ಳೆ. ಅಷ್ಟು ಸಾಕು."

ಪಕ್ಕದಲ್ಲಿದ್ದ ಮುನಿಯಮ್ಮ, "ಈವಮ್ಮಂಗೆ ಕುಣಿಯಾಕ್ ಬರಾಕಿಲ್ಲ, ಅದ್ಕೇ ಹೊಟ್ಟೆ ಉರಿ" ಎಂದರು.

ಎಲ್ಲರೂ ನಕ್ಕರು. ಗುಲಾಮರ ನಗು. ಅಸಹ್ಯ.

ಜನವರಿ 12, ಸೋಮವಾರ, ಬೆಳಗ್ಗೆ 6

ಸ್ಪೀಕರ್ ವೈರ್ ಕತ್ತರಿಸಿದೆ. ಮಂಜು ಕವಿದಿತ್ತು. ಯಾರೂ ನೋಡಲಿಲ್ಲ.

ಸಂಜೆ

ಕುಯ್ಲಿನಲ್ಲಿ ಒಬ್ಬೊಬ್ಬರಿಗೆ ಗಿಡಗಳ ಒಂದೊಂದು ಸಾಲು. ಸಾಲಿನಲ್ಲಿ ಏನೇ ಹೆಚ್ಚುಕಡಿಮೆಯಾದರೂ ಆ ಸಾಲಿನವರೇ ಹೊಣೆ. ಇದು ಇಲ್ಲಿ ಮಕ್ಕಳಿಗೂ ಗೊತ್ತು. ನಾನು ಯೋಚಿಸಲೇ ಇಲ್ಲ. ಸ್ಪೀಕರ್ ಇದ್ದ ಮರ ಗಂಗಾಮಣಕ್ಕನ ಸಾಲಿನದು.

"ನಾಳೆಯಿಂದ ಬರ್ಬೇಡ. ವಾರದೊಳಗೆ ಎಸ್ಟೇಟಿನ ಲೈನ್ ಮನೆ ಖಾಲಿ ಮಾಡು" ಎಂದ ನಟರಾಜ್, ಅಕ್ಕನಿಗೆ.

ಚೀಲ ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ. ಮುಂದಿನ ಚೀಲ ತೂಗಿದೆ.

ಜನವರಿ 15, ಗುರುವಾರ

ಸಂಕ್ರಾಂತಿಗೆ ಪಾಳ್ಯದ ನಮ್ಮ ಮನೆಗೆ ಹೋಗಿದ್ದೆ. ಬೆಳಗ್ಗೆ ಮೊದಲ ಬಸ್ಸಿಗೆ ಬಂದು ಅಕ್ಕನ ಮನೆಗೇ ಹೋದೆ. ಪಾತ್ರೆ ಮೂಟೆ ಕಟ್ಟುತ್ತಿದ್ದರು. ಹೇಳಿದೆ.

"ನೀನಾ?" ಕೈಯಲ್ಲಿದ್ದ ತಪ್ಪಲೆ ಕೆಳಗಿಟ್ಟರು. "ಹಾಡೂ ಕಿತ್ಕಂಡೆ, ಅನ್ನಾನೂ ಕಿತ್ಕಂಡೆ. ಆ ನಟರಾಜನ್ಗಿಂತ ನೀನೇನ್ ಕಮ್ಮಿ?"

ಮಧ್ಯಾಹ್ನ ಯಾರೂ ಕುಯ್ಯಲಿಲ್ಲ. ಮುನಿಯಮ್ಮ ಅಕ್ಕನ ಖಾಲಿ ಸಾಲಿನಲ್ಲಿ ಕೂತು ಬುಟ್ಟಿ ಬಡಿಯತೊಡಗಿದರು. ಅದೇ ಹಾಡು. ಮಾತಿಲ್ಲ, ಬರೀ ರಾಗ... ಇಪ್ಪತ್ತು ಹೆಂಗಸರು ಎತ್ತಿಕೊಂಡರು. ನಟರಾಜ್ ಓಡಿ ಬಂದ.

"ಏನ್ರೇ ಇದು?"

"ನಿಮ್ ಸ್ಪೀಕರ್ ಕೆಟ್ಟೈತಲ್ಲ ಸಾರ್, ನಾವೇ ಹಾಡ್ತಾ ಇದೀವಿ. ಗಂಗಕ್ಕ ಬರೋಗಂಟ" ಎಂದರು ಮುನಿಯಮ್ಮ.

ಇದು ಯಾವ ಕರಪತ್ರದಲ್ಲೂ ಇಲ್ಲ. ಗುಲಾಮರು ಎಂದು ಬರೆದಿದ್ದೆ — ಈ ಕೈಯಿಂದಲೇ. ಅವರ ಜೊತೆ ಕೂರುವ ಯೋಗ್ಯತೆ ಇರಲಿಲ್ಲ. ಸ್ಟೋರ್ ಬಾಗಿಲಲ್ಲೇ ನಿಂತೆ.

ಜನವರಿ 16, ಶುಕ್ರವಾರ

ಇವತ್ತೂ ಕುಯ್ಲು ನಿಂತಿತ್ತು. ಹಣ್ಣು ಉದುರುತ್ತಿದೆ. ಸಾವ್ಕಾರ್ರು ನಾಳೆ ಎಲ್ಲರನ್ನೂ ಮಾತಿಗೆ ಕರೆದಿದ್ದಾರೆ. ಅಕ್ಕ ಬಂದು ಹೇಳಿದರು: "ವೈರು ಯಾರು ಕುಯ್ದಿದ್ದು ಅಂತ ಕೇಳ್ತಾರೆ. ನಾನು ಹೇಳಾಕಿಲ್ಲ. ನಿನ್ ಬಾಯಲ್ಲೇ ಬರ್ಲಿ."

ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೋಗಲಿ. ಏನು ಹೇಳಬೇಕೆಂದು ಬರೆಯಲು ಕೂತೆ. ಶೋಷಣೆ, ಸಂಚು, ಶ್ರಮ — ಒಂದು ಪುಟ ಆಯಿತು. ಓದಿ ನೋಡಿದೆ. ಎಲ್ಲ ಹೊಡೆದುಹಾಕಿದೆ. ಎರಡೇ ಪದ ಸಾಕು — ಕತ್ತರಿಸಿದ್ದು ನಾನು.

ನಾಳೆ ಶನಿವಾರ, ಬೆಳಗ್ಗೆ ಏಳೂವರೆ, ಎಸ್ಟೇಟ್ ಆಫೀಸಿನ ಮುಂದೆ — ಎಲ್ಲರೆದುರು ಹೇಳುತ್ತೇನೆ.