ಡುಮ್ಮಿಯ ಬಯಕೆ

ಮಾರ್ಚ್ ೧೨, ಬುಧವಾರ

ಲ್ಯಾಬಿನ ರಿಜಿಸ್ಟರನ್ನು ಮನೆಗೇ ಹೊತ್ತು ತಂದಿದ್ದೇನೆ. 'ಕಾರಣ' ಎಂಬ ಕಾಲಂ ಇನ್ನೂ ಖಾಲಿ. ಏನಂತ ಬರೆಯಲಿ?

ನಮ್ಮ ಮರಳುಗಾಡಿನ ಹಲ್ಲಿ ಡುಮ್ಮಿ ಬಸುರಿಯಾಗಿ ತಿಂಗಳಾಗಿತ್ತು. ದೀಪದ ಶಾಖ ಸರಿಯಾಗಿತ್ತು, ಹುಳುಗಳೂ ಹೊಟ್ಟೆತುಂಬ ಸಿಗುತ್ತಿದ್ದವು. ಆದರೂ ಮೊಟ್ಟೆಯಿಡದೆ ಮರಳು ಕೆರೆಯುವುದು, ಬಿಡುವುದು, ಅಷ್ಟೇ. ಮೊಟ್ಟೆ ಒಳಗೇ ಉಳಿದರೆ ಅವಳ ಜೀವಕ್ಕೇ ಅಪಾಯ. ಮೂರು ದಿನದಿಂದ ನನಗೂ ಊಟ ರುಚಿಸಿರಲಿಲ್ಲ.

ಬೆಳಿಗ್ಗೆ ಹೋಗಿ ನೋಡಿದರೆ ಅವಳ ಗಾಜಿನ ಪೆಟ್ಟಿಗೆಯ ಒಂದು ಮೂಲೆ ಒದ್ದೆ! ಕಸ ಗುಡಿಸುವ ಅಕ್ಕನ ಮೇಲೆ ರೇಗಿದೆ. "ಇದು ಒಣ ಸೀಮೆಯ ಪ್ರಾಣಿ ಅಕ್ಕಾ, ನೀರು ಯಾಕೆ ಚೆಲ್ಲಿದ್ರಿ?"

"ಚೆಲ್ಲಿಲ್ಲ ಕಣಮ್ಮ, ನಿನ್ನೆ ನಾನೇ ಸುರಿದೆ. ಪಾಪ, ಬಸುರಿ ಒಂದೇ ಸಮನೆ ಮಣ್ಣು ಕೆರೀತಿದ್ಲು. ನಂಗೂ ಬಸುರಲ್ಲಿ ಹಸಿಮಣ್ಣಿನ ವಾಸನೆ ಅಂದ್ರೆ ಪ್ರಾಣ. ಇವಳಿಗೂ ಅದೇ ಬಯಕೆ ಇರ್ಬೇಕು ಅನ್ಕೊಂಡೆ."

ಬೈಯುತ್ತಲೇ ಪೆಟ್ಟಿಗೆಯತ್ತ ಬಗ್ಗಿದೆ. ಒದ್ದೆ ಮೂಲೆಯಲ್ಲಿ, ಗಾಜಿಗೆ ಅಂಟಿಕೊಂಡಂತೆ, ಐದು ಬಿಳಿ ಮೊಟ್ಟೆ! ಬಡಕಲಾದ ಡುಮ್ಮಿ ಮರಳು ಮೆತ್ತಿದ ಮೂತಿಯೆತ್ತಿ ನನ್ನನ್ನೇ ನೋಡುತ್ತಿದ್ದಳು.

ಒಣ ಮರಳಲ್ಲಿ ಮೊಟ್ಟೆ ಬತ್ತಿಹೋಗುತ್ತದೆ. ಅವಳು ತೇವಕ್ಕೆ ಕಾಯುತ್ತಿದ್ದಳು. ಒಣ ಸೀಮೆಯಲ್ಲೂ ಒಂದೆರಡು ಮಳೆ ಬರುತ್ತದೆ ಎಂಬುದು ಇಷ್ಟು ಓದಿದ ನನಗೆ ಹೊಳೆಯಲೇ ಇಲ್ಲ.

ಅಕ್ಕ ಇಣುಕಿ ನೋಡಿ, "ಐದಾ? ಶಭಾಷ್! ನಂಗೆ ಎರಡಕ್ಕೇ ಸಾಕಾಗಿತ್ತು" ಎಂದರು.

ಈಗ 'ಕಾರಣ'ದ ಕಾಲಂನಲ್ಲಿ 'ಮರಳಿನ ತೇವಾಂಶ' ಎಂದು ಬರೆದೆ. ಹೊಡೆದುಹಾಕಿದೆ. 'ಬಯಕೆ' ಎಂದು ಬರೆದೆ. ಲ್ಯಾಬಿನ ಸಾಹೇಬರು ವಿವರಣೆ ಕೇಳಿದರೆ ಅಕ್ಕನನ್ನೇ ಅವರ ಕೋಣೆಗೆ ಕಳಿಸುತ್ತೇನೆ. ನಿದ್ದೆಗೆ ಕಣ್ಣು ಎಳೆಯುತ್ತಿದೆ, ನಗು ಮಾತ್ರ ನಿಲ್ಲುತ್ತಿಲ್ಲ.