ಮೂಗುತಿ ತೋರಿಸುವವನು

ಯಲಹಂಕ
೧೯೬೪ನೇ ನವೆಂಬರ್ ೩, ಮಂಗಳವಾರ

ನನ್ನ ಮುದ್ದು ರತ್ನಾ, ನಿನ್ನಪ್ಪನ ಆಶೀರ್ವಾದಗಳು.

ಮೈಯಲ್ಲಿ ಹುಷಾರಾಗಿದ್ದೀಯಾ ತಾಯಿ? ಹೋದ ಕಾಗದದಲ್ಲಿ ನೀನು ಕೆಮ್ಮು ಎಂದು ಬರೆದಿದ್ದೆ. ಆಸ್ಪತ್ರೆಯೊಳಗೇ ಇದ್ದುಕೊಂಡು ಕೆಮ್ಮುತ್ತಾ ಕೂರುವುದು ಅದ್ಯಾವ ನರ್ಸ್ ಟ್ರೈನಿಂಗಮ್ಮಾ! ಮೆಣಸಿನ ಸಾರು ಕಾಯಿಸಿ ಕುಡಿ. ನನಗೆ ಮೊಣಕಾಲು ನೋವು ಬಿಟ್ಟರೆ ಬೇರೇನಿಲ್ಲ. ಎಮ್ಮೆ ಕರು ಹಾಕಿದೆ. ನಿಮ್ಮಮ್ಮ ಇದ್ದಿದ್ದರೆ ಗಿಣ್ಣು ಮಾಡಿ ಬೀದಿಗೆಲ್ಲ ಹಂಚಿರುತ್ತಿದ್ದಳು. ನಾನು ಮಾಡಲು ಹೋಗಿ ತಳ ಹಿಡಿಸಿದೆ.

ಟ್ರೈನಿಂಗ್ ಮುಗಿಸಿ ಇದೇ ಹದಿನಾರರಂದು ಜರ್ಮನಿಯ ಸ್ಟಟ್‌ಗಾರ್ಟಿನಲ್ಲಿ ರೈಲು ಹತ್ತಿ, ಮಿಲಾನಿನಲ್ಲಿ ಗಾಡಿ ಬದಲಾಯಿಸಿ, ಜಿನೋವಾದಲ್ಲಿ ಹಡಗು ಹಿಡಿದು ಊರಿಗೆ ಬರುತ್ತೀಯ ಎಂದು ಓದಿ ಜೀವಕ್ಕೆ ಹಿತವಾಯಿತು. ಆ ರೈಲಿನಲ್ಲಿ ಸೀಟಿನ ಕೆಳಗೆ ಬಿಸಿ ಕೊಳವೆ, ಗಾಜಿನ ಬಾಗಿಲು, ಪರದೆ, ಮೆತ್ತನೆ ಆಸನ, ಎಲ್ಲ ಸರಿ. ಆದರೆ ಲೇಡೀಸ್ ಡಬ್ಬಿಯೇ ಇಲ್ಲ, ಆರು ಜನ ಎದುರುಬದುರು ಕೂತರೂ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ ಎಂದೆಯಲ್ಲ, ಅಂದಿನಿಂದ ಅನ್ನ ಸೇರುತ್ತಿಲ್ಲ. ನಮ್ಮ ಇಂಟರ್‌ಮೀಡಿಯೆಟ್ ಪುಸ್ತಕದಲ್ಲಿ 'ಎ ಲೇಡಿ ಟ್ರಾವೆಲಿಂಗ್ ಅಲೋನ್ ಶುಡ್ ಆಲ್ವೇಸ್' ಎಂದೇನೋ ಇತ್ತು. ಆಲ್ವೇಸ್ ಆದಮೇಲೆ ಏನೆಂಬುದು ಮರೆತುಹೋಗಿದೆ. ನೀನು ಮೊದಲ ಸಲ ಮದ್ರಾಸಿಗೆ ಹೊರಟಾಗ ನಿಮ್ಮಮ್ಮ ಕಿಟಕಿಗೆ ಮುಖವಿಟ್ಟು, "ನಮ್ಮುಡ್ಗಿ ಒಬ್ಳೇ ಓಯ್ತಾವ್ಳೆ, ವಸಿ ನೋಡ್ಕಳ್ರಪ್ಪೋ" ಎಂದು ಡಬ್ಬಿಗೆಲ್ಲ ಕೇಳುವಂತೆ ಕೂಗಿದಳು. ನಿನಗೆ ನಾಚಿಕೆಯೋ ನಾಚಿಕೆ. ಆದರೆ ಜೋಲಾರಪೇಟೆ ದಾಟುವ ತನಕ ಡಬ್ಬಿಯವರು ನಿನಗೆ ತಿನ್ನಿಸುತ್ತಲೇ ಇದ್ದರಂತೆ. ಅಲ್ಲಿ ನಾನು ಯಾರಿಗೆ ಕೂಗಿ ಹೇಳಲಿ?

ಅದಕ್ಕೇ ಯಶವಂತಪುರದ ಸ್ಟೇಷನ್ನಿನಲ್ಲಿ, ಜಾಲಹಳ್ಳಿಯ ಕಾರ್ಖಾನೆ ಗೇಟಿನಲ್ಲಿ, ಆ ದೇಶಕ್ಕೆ ಹೋಗುವವರು ಯಾರಾದರೂ ಇದ್ದಾರೆಯೇ ಎಂದು ಸಿಕ್ಕಿದವರನ್ನೆಲ್ಲ ಕೇಳಿದೆ. ಶನಿವಾರ ಕೋಟು ಹಾಕಿದ ಒಬ್ಬ ತಾನಾಗಿಯೇ ಮನೆ ಹುಡುಕಿಕೊಂಡು ಬಂದ. "ನಾನು ಮಾಕಳಿ ಲಕ್ಕಣ್ಣ, ಜರ್ಮನಿಯಲ್ಲಿ ಕೆಲಸ. ನಾಳಿದ್ದು ವಿಮಾನಕ್ಕೆ ವಾಪಸ್ ಹೊರಟೆ. ನಾನೂ ಅದೇ ರೈಲಿಗೆ ಬರ್ತೀನಿ, ನಿಮ್ಮ ಮಗಳು ನನ್ನ ತಂಗಿ ಇದ್ದಂಗೆ" ಎಂದ. ಕೂರಿಸಿ ಮುದ್ದೆ, ಬಸ್ಸಾರು ಇಟ್ಟೆ. ಪರದೇಶದಲ್ಲಿದ್ದು ಅಭ್ಯಾಸ ತಪ್ಪಿತೋ ಏನೋ, ಮುದ್ದೆ ನುಂಗದೆ ಅಗಿಯುತ್ತಿದ್ದ. ಮಾಕಳಿಯ ಒಕ್ಕಲು ಮನೆಯವನು ಮುದ್ದೆ ಅಗಿದಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಆದರೆ ಎಷ್ಟು ವಿಚಾರಿಸಿದ! ನಿನ್ನನ್ನು ರೈಲು ಹತ್ತಿಸಲು ಯಾರಾದರೂ ಬರುತ್ತಾರೆಯೇ, ಹಡಗಿನಲ್ಲಿ ಪರಿಚಯದವರಿದ್ದಾರೆಯೇ ಎಂದು. "ಎಷ್ಟು ದಿನ ಕಾಗದ ಬರದಿದ್ರೆ ನೀವು ಗಾಬರಿ ಆಗ್ತೀರಾ?" ಎಂದೂ ಕೇಳಿದ. ಟಪಾಲು ನಿಧಾನ, ಒಂದು ತಿಂಗಳು ಸುಮ್ಮನಿರುತ್ತೇನಪ್ಪ ಎಂದೆ. ಮಿಲಾನಿನಲ್ಲಿ ಗುರುತಿನವರ ಮನೆಯಲ್ಲಿ ಒಂದು ದಿನ ಇದ್ದು ಹೋಗಬಹುದಂತೆ. ಕಳ್ಳರು ಜಾಸ್ತಿಯಾದ್ದರಿಂದ ನಿನ್ನ ಪಾಸ್‌ಪೋರ್ಟು, ಟಿಕೆಟ್ಟು ಅವನ ಬಳಿಯೇ ಇರಲಂತೆ. ನೀನು ಬರೆದಿದ್ದ ಬೋಗಿ, ಸೀಟು ಹೇಳಿದೆ, ಫೋಟೋ ಕೊಟ್ಟೆ. ನಿನಗೆ ನಂಬಿಕೆ ಬರಲೆಂದು ನಿಮ್ಮಮ್ಮನ ಕೆಂಪು ಹರಳಿನ ಮೂಗುತಿಯನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದೇನೆ. ಅದನ್ನು ತೋರಿಸಿದವನು ಬಂದರೆ ನಾನೇ ಬಂದೆ ಎಂದುಕೋ.

ಪಕ್ಕದ ಮನೆ ಮುನಿಶಾಮಪ್ಪ, ಕೃಷ್ಣಮ್ಮ ನಿನ್ನನ್ನು ಬಹಳ ಕೇಳಿದರು. ತಲೆಗೆ ಬಟ್ಟೆ ಕಟ್ಟಿಕೊಂಡು ಬಾ. ಮನೆದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಮುನಿಗಂಗಪ್ಪ

ತಾ.ಕ.: ಪೋಸ್ಟಾಫೀಸಿನಲ್ಲಿ ನಿಂತು ಬರೆಯುತ್ತಿದ್ದೇನೆ, ಚೀಲ ಕಟ್ಟುತ್ತಿದ್ದಾರೆ. ಕೃಷ್ಣಮ್ಮನ ತವರು ಮಾಕಳಿಯಲ್ಲವೇ, ಮುನಿಶಾಮಪ್ಪ ಈಗ ಅಲ್ಲಿಂದ ಬಂದ. ನಿಜವಾದ ಲಕ್ಕಣ್ಣ ಊರು ಬಿಟ್ಟವನೇ ಅಲ್ಲವಂತೆ, ಕಾಲು ಮುರಿದುಕೊಂಡು ಜಗುಲಿ ಮೇಲೆ ಕೂತಿದ್ದಾನಂತೆ. ಹೋದ ತಿಂಗಳು ಕೋಟಿನವನೊಬ್ಬ ಅವನ ಹತ್ತಿರವೂ ಕೂತು, ಮನೆತನ, ನೆಂಟರು ಎಲ್ಲ ಕೇಳಿ ತಿಳಿದುಕೊಂಡು ಹೋದನಂತೆ. "ಯಾವನ್ ಕೈಗ್ ಕೊಟ್ಯಪ್ಪಾ ಮೂಗ್ತಿನ" ಎಂದು ಮುನಿಶಾಮಪ್ಪ ತಲೆ ಮೇಲೆ ಕೈಯಿಟ್ಟುಕೊಂಡ. ಆ ಕೋಟಿನವನು ನಿನ್ನೆಯೇ ವಿಮಾನ ಹತ್ತಿರಬೇಕು. ತಂತಿಯನ್ನೂ ಕೊಡುತ್ತಿದ್ದೇನೆ. ಯಾವುದು ಮೊದಲು ಮುಟ್ಟಿದರೂ ಅದೇ ಗಳಿಗೆ ರೈಲು ಬದಲಿಸು, ದಿನ ಬದಲಿಸು. ಮಾತಾಡದ ಆ ಜನರ ಮಧ್ಯೆಯೇ ಕೂತು ಬಾ ಕಂದಾ. ನಿಮ್ಮಮ್ಮನ ಮೂಗುತಿ ತೋರಿಸಿದವನ ಜೊತೆ ಮಾತ್ರ ಒಂದು ಹೆಜ್ಜೆಯನ್ನೂ ಇಡಬೇಡ. ಮೂಗುತಿ ಹೋದರೆ ಹೋಗಲಿ.