ಕೋತಂಬರಿ ಬಂದ ದಾರಿ

ಸಿಲ್ವರ್ ವ್ಯಾಲಿ, ಹುಬ್ಬಳ್ಳಿ ಸೀಮೆ
ಬಂಕ್ ಮುಚ್ಚಿದ ಐವತ್ತೆಂಟನೆಯ ವರ್ಷ, ಶ್ರಾವಣ
(ನಿಮ್ಮ ಲೆಕ್ಕದಲ್ಲಿ ೨೧೧೮)

ನಮಗಿಂತ ಮೊದಲು ಇದ್ದವರಿಗೆ, ಅದರಲ್ಲೂ ಎಣ್ಣೆ ತೀರುವ ಬಗ್ಗೆ ಚಿತ್ರ ಮಾಡಿ ಅದನ್ನು ಖಾಲಿ ಕುರ್ಚಿಗಳಿಗೆ ತೋರಿಸುತ್ತಿರುವವರಿಗೆ, ಸಂಗವ್ವ ಹೂಗಾರ ಮಾಡುವ ನಮಸ್ಕಾರಗಳು.

ಇಲ್ಲಿ ನಾವು ಕ್ಷೇಮವಾಗಿದ್ದೇವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ನಮ್ಮ ಬಗ್ಗೆ ಬಹಳ ಚಿಂತೆ ಮಾಡುತ್ತಿದ್ದಿರಿ ಎಂದು ಕೇಳಿದ್ದೇನೆ.

ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ಹೆದ್ದಾರಿಯ ಕೊನೆಯ ಪೆಟ್ರೋಲ್ ಬಂಕ್ ಮುಚ್ಚಿದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ಅದಕ್ಕೂ ಹಿಂದೆ ಮನೆಗಿಷ್ಟು ಎಂದು ಎಣ್ಣೆ ಅಳೆದು ಕೊಡುತ್ತಿದ್ದ ವರ್ಷಗಳಿದ್ದವು. ಅವನ್ನು ತೊಟ್ಟುಗಾಲ ಎನ್ನುತ್ತೇವೆ. ನೀವು ಸಾಕ್ಷ್ಯಚಿತ್ರ ಎನ್ನುವುದು ನಮಗೆ ಗೋಡೆಚಿತ್ರ. ಆ ಹೆಸರು ಹೇಗೆ ಬಂತೆಂದು ಮುಂದೆ ಹೇಳುತ್ತೇನೆ. ನಾನು ಪರದೆಗಿತ್ತಿ, ಅಂದರೆ ಊರೂರಿಗೆ ಹೋಗಿ, ಅಲ್ಲಿಯ ಜನರನ್ನೇ ಚಿತ್ರ ತೆಗೆದು, ಅಲ್ಲಿಯೇ ತೋರಿಸಿ ಬರುವವಳು. ಮದುವೆಯಾಗುವ ಹುಡುಗಿಯರನ್ನು ಬಿಟ್ಟರೆ ನಮ್ಮ ಸೀಮೆಯಲ್ಲಿ ಹೆಚ್ಚು ಕರೆ ಬರುವುದು ನನಗೇ.

ನಮ್ಮ ಒಂದು ದಿನ ಹೇಗಿರುತ್ತದೆಂದು ತಿಳಿಯುವ ಆಸೆ ನಿಮಗಿರಬಹುದು. ಬೆಳಿಗ್ಗೆ ಎದ್ದರೆ ಮೊದಲು ಕೇಳಿಸುವುದು ಮಾತು. ನಮ್ಮ ಬೀದಿಯ ಪ್ರತಿ ಮನೆಯ ಮುಂದೆ ನಿಮ್ಮ ಕಾಲದಲ್ಲಿ ಕಾರು ನಿಲ್ಲಿಸಲು ಕಟ್ಟಿದ ಜಾಗವಿದೆ. ಅದಕ್ಕೆ ಈಗ ಮುಂಗೂಡು ಎನ್ನುತ್ತೇವೆ. ಒಂದು ಮುಂಗೂಡಿನಲ್ಲಿ ಹೊಲಿಗೆ, ಒಂದರಲ್ಲಿ ಕ್ಷೌರ, ಒಂದರಲ್ಲಿ ಮಕ್ಕಳ ಶಾಲೆ, ನಮ್ಮ ಎದುರಿನದರಲ್ಲಿ ಹಲ್ಲಿನ ಡಾಕ್ಟರು. ಅವರ ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತವರನ್ನು ಬೀದಿಯೆಲ್ಲ ಮಾತನಾಡಿಸುತ್ತದೆ, ಪಾಪ, ಅವರು ಉತ್ತರ ಕೊಡಲಾರರು. ಹುಬ್ಬಳ್ಳಿಗೆ ಹೋಗಬೇಕೆಂದರೆ ಸಾಲುಬಂಡಿ ಇದೆ, ಮೇಲಿನ ತಂತಿಯಿಂದ ಕರೆಂಟು ತೆಗೆದುಕೊಂಡು ಹಳೆಯ ಹೆದ್ದಾರಿಯ ಮೇಲೆ ಓಡುವ ಉದ್ದನೆಯ ಗಾಡಿ. ಅದು ನಿಧಾನ. ನಮ್ಮ ತಾಯಿ ಅದರಲ್ಲೇ ಕುಳಿತು ಒಂದು ಇಡೀ ಸ್ವೆಟರು ಹೆಣೆದಿದ್ದುಂಟು. ಎಣ್ಣೆ ಪೂರ್ತಿ ಇಲ್ಲವೆಂದಲ್ಲ. ಔಷಧಕ್ಕೆ, ಬೆಂಕಿ ಆರಿಸುವ ಗಾಡಿಗೆ, ಇಂಥ ಕೆಲವಕ್ಕೆ ತೆಗೆದಿಟ್ಟಿದ್ದಾರೆ. ನಾನು ಪೆಟ್ರೋಲಿನ ವಾಸನೆ ನೋಡಿದ್ದು ಜೀವನದಲ್ಲಿ ಒಂದೇ ಸಲ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ?

ನಾವು ಇಲ್ಲಿಗೆ ಸುಮ್ಮನೆ ಬಂದು ಮುಟ್ಟಲಿಲ್ಲ. ನಮ್ಮ ಅಜ್ಜಿಯ ಕಥೆ ಹೇಳಲೆಂದೇ ಈ ಕಾಗದ ಬರೆಯುತ್ತಿದ್ದೇನೆ.

ಅಜ್ಜಿಯ ಹೆಸರು ಇಂಚರ. ನಿಮ್ಮ ಕಾಲದ ಹೆಸರು ಅದು, ಈಗ ನಮ್ಮಲ್ಲಿ ಮತ್ತೆ ಸಂಗವ್ವ, ನೀಲವ್ವಗಳೇ ಬಂದಿವೆ. ಅಜ್ಜಿ ಮದುವೆ ವಿಡಿಯೋ ತೆಗೆಯುತ್ತಿದ್ದಳು. ತೊಟ್ಟುಗಾಲ ಶುರುವಾದಾಗ ಅವಳು, ಅವಳ ಗಂಡ, ಪುಟ್ಟ ಮಗಳು ಸಿಲ್ವರ್ ವ್ಯಾಲಿಯಲ್ಲಿ ಬಾಡಿಗೆಗಿದ್ದರು. ಊರಿಂದ ಬಹಳ ದೂರ, ಹೆದ್ದಾರಿಯ ಪಕ್ಕ, ನಾಲ್ಕು ಕಡೆ ಎತ್ತರದ ಗೋಡೆ ಕಟ್ಟಿ ಮಾಡಿದ ಲೇಔಟ್ ಇದು. ಚೆಂದದ ಮನೆಗಳು, ಮನೆಗೆ ಎರಡು ಕಾರು. ಆದರೆ ಒಂದೂ ಅಂಗಡಿ ಇರಲಿಲ್ಲ. ಅಂಗಡಿ ಇಡಕೂಡದು ಎಂದು ಸಂಘದ ನಿಯಮವೇ ಇತ್ತು. ಬೆಂಕಿಪೊಟ್ಟಣ ಬೇಕಾದರೂ ಕಾರು ತೆಗೆಯಬೇಕು. ಹಿಂದಿನ ಸಾಲಿನ ಮಹಡಿಗಳಿಂದ ಗೋಡೆಯಾಚೆ ಹಸಿರು ಕಾಣುತ್ತಿತ್ತು. ಅದಕ್ಕೆ ಅವರು ‘ವ್ಯೂ’ ಎನ್ನುತ್ತಿದ್ದರು. ವ್ಯೂ ಇರುವ ಮನೆಗೆ ಬೆಲೆ ಹೆಚ್ಚು.

ಸಂಘದ ಅಧ್ಯಕ್ಷರು ವೀರೇಶ ಮೆಣಸಿನಕಾಯಿ. ಲೇಔಟ್ ಮಾಡಿದವರೂ ಅವರೇ, ಅಜ್ಜಿ ಇದ್ದ ಮನೆಯ ಯಜಮಾನರೂ ಅವರೇ. ದೊಡ್ಡ ದನಿಯ, ದೊಡ್ಡ ಮೀಸೆಯ ಮನುಷ್ಯ. ತಮ್ಮ ಮನೆಯ ಮೇಲೆ ವಿಮಾನದ ಆಕಾರದ ನೀರಿನ ಟಾಕಿ ಕಟ್ಟಿಸಿದ್ದರು. ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತಿದ್ದರು.

ಎಣ್ಣೆಯ ಪಾಲು ತಿಂಗಳು ತಿಂಗಳಿಗೆ ಇಳಿಯುತ್ತ ಬಂತು. ಬೀಗರು ಬರಲಾರದ್ದರಿಂದ ಮದುವೆಗಳು ಚಿಕ್ಕವಾದವು, ಅಜ್ಜಿಯ ಕ್ಯಾಮೆರಾ ಕಪಾಟು ಸೇರಿತು. ಒಂದೊಂದೇ ಮನೆಯವರು ಬೀಗ ಹಾಕಿ ಊರಿಗೆ ಹೊರಟರು. ಹೋಗಲು ಬೇರೆ ಮನೆಯಿಲ್ಲದವರು ಉಳಿದರು. ಅಜ್ಜಿಗೆ ದಿಗಿಲಾಯಿತು. ಏನು ನಡೆಯುತ್ತಿದೆಯೆಂದು ಜನರಿಗೆ ಕಣ್ಣಿಗೆ ಕಟ್ಟುವಂತೆ ತೋರಿಸಬೇಕೆಂದು ಕಪಾಟಿನಿಂದ ಕ್ಯಾಮೆರಾ ತೆಗೆದಳು.

ಮೊದಲ ಚಿತ್ರ ನಿಮ್ಮ ಚಿತ್ರಗಳ ಹಾಗೆಯೇ ಇತ್ತಂತೆ. ಬತ್ತಿದ ಬಾವಿಗಳು, ಕೆಳಗಿಳಿಯುವ ಗೆರೆಗಳು, ಖಾಲಿ ರಸ್ತೆ, ಎದೆ ಹಿಂಡುವ ಸಂಗೀತ, ನಡುವೆ ಒಂದು ಗಡಸು ದನಿ. ಕ್ಲಬ್‌ಹೌಸಿನಲ್ಲಿ ತೋರಿಸಿದಳು. ಅರ್ಧಕ್ಕೆ ಅರ್ಧ ಜನ ಎದ್ದು ಹೋದರು. ಉಳಿದವರಲ್ಲಿ ಕೆಲವರಿಗೆ ನಿದ್ದೆ ಹತ್ತಿತ್ತು. ಚಿತ್ರ ಮುಗಿದ ಮೇಲೆ ವೀರೇಶರು ಎದ್ದು ನಿಂತರು.

“ನೀ ಮದಿವಿ ವಿಡಿಯೋ ತಗಿಯಾಕಿ. ಮಂದೀನ ಹೆದರಸೂ ಕೆಲಸ ನಿನಗ ಯಾರು ಹೇಳಿದ್ರು? ಹಿಂಗ ತೋರಿಸ್ಕೋತ ಹೋದ್ರ ನನ್ನ ಎರಡನೇ ಹಂತದ ಸೈಟು ಯಾರು ತಗೋತಾರ? ಇನ್ನೊಮ್ಮೆ ಇಂಥಾದ್ದು ಹಚ್ಚಿದ್ರ ಮನಿ ಖಾಲಿ ಮಾಡಬೇಕಾಗ್ತೈತಿ, ನೋಡ.”

ಅಜ್ಜಿ ಪ್ರೊಜೆಕ್ಟರಿನ ವೈರು ಸುತ್ತತೊಡಗಿದಳು. ಆಗ ಹಿಂದಿನ ಕುರ್ಚಿಗಳ ಸಾಲಿನಿಂದ ಕಸ್ತೂರಕ್ಕ ನಿಧಾನಕ್ಕೆ ಬಂದರು. ಒಬ್ಬರೇ ಇರುತ್ತಿದ್ದ ನಿವೃತ್ತ ನರ್ಸು ಅವರು, ಕಾರು ಮಾರಿ ವರ್ಷವಾಗಿತ್ತು.

“ನೀ ಹೇಳಿದ್ದೆಲ್ಲಾ ಖರೇ ಇರಬಹುದು ತಂಗಿ,” ಎಂದರು. “ಆದ್ರ ನಾಳೆ ಮುಂಜಾನೆ ನನಗ ಒಂದು ಸಿವುಡು ಕೋತಂಬರಿ ಬೇಕು. ಅದನ್ನ ಎಲ್ಲಿಂದ ತರೂದು? ಅದನ್ನ ಹೇಳವಾ.”

ಅಜ್ಜಿ ಮನೆಗೆ ಬಂದು ಗಂಡನ ಎದುರು ಸಿಟ್ಟು ಮಾಡಿದಳು. “ಲೋಕ ಮುಳಗಾಕ ಹತ್ತೈತಿ, ಅವರಿಗೆ ಕೋತಂಬರಿ ಚಿಂತಿ!” ಎಂದಳು. ಹೀಗೆ ಅಂದ ಬಾಯಿ ಹಾಗೇ ನಿಂತಿತಂತೆ. ಮದುವೆ ವಿಡಿಯೋ ತೆಗೆದವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಮೂರು ತಾಸಿನ ವಿಡಿಯೋವನ್ನು ಬೀಗರೆಲ್ಲ ಕಣ್ಣು ಮಿಟುಕಿಸದೆ ನೋಡುವುದು ಗಂಡು ಹೆಣ್ಣಿಗಾಗಿ ಅಲ್ಲ, ತಾವು ಯಾವಾಗ ಬರುತ್ತೇವೆಂದು.

ಮರುದಿನದಿಂದ ಅವಳು ಲೇಔಟಿನವರನ್ನೇ ಚಿತ್ರ ತೆಗೆಯತೊಡಗಿದಳು. ಮದುವೆ ಕೆಲಸವಿಲ್ಲ, ಕೈ ಮರೆಯಬಾರದೆಂದು ತೆಗೆಯುತ್ತೇನೆ ಎಂದಳು. ಯಾರೂ ಬೇಡವೆನ್ನಲಿಲ್ಲ, ಹೆಂಗಸರು ಸೀರೆ ಬದಲಿಸಿ ಬಂದರು. ವೀರೇಶರು ಮೀಸೆ ತಿದ್ದಿಕೊಂಡು ವಿಮಾನದ ಕೆಳಗೆ ನಿಂತರು. ಒಂದು ದಿನ ಅಜ್ಜಿ ಹುಬ್ಬಳ್ಳಿ ಮಾರ್ಕೆಟ್ಟಿಗೆ ಹೋಗಿ, ಅಲ್ಲಿಯ ಕೋತಂಬರಿ ಯಾವ ಊರಿನದೆಂದು ವಿಚಾರಿಸಿ, ಅದನ್ನು ತರುವ ಟೆಂಪೋದಲ್ಲೇ ಹತ್ತಿ ಹೊರಟಳು. ಟೆಂಪೋ ನಿಂತ ಹೊಲದಲ್ಲಿ ಅವಳು ಕಂಡದ್ದೇನೆಂದು ಗಂಡನಿಗೂ ಹೇಳಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತವಳು ನಡುನಡುವೆ ಒಬ್ಬಳೇ ನಗುತ್ತಿದ್ದಳು ಎಂದು ನಮ್ಮ ಅಜ್ಜ ಸಾಯುವ ತನಕ ಹೇಳುತ್ತಿದ್ದರು.

ಹೊಸ ಚಿತ್ರದ ಸುದ್ದಿ ಕೇಳಿದ ವೀರೇಶರು ಕ್ಲಬ್‌ಹೌಸಿಗೆ ಬೀಗ ಹಾಕಿಸಿದರು. ಅಜ್ಜಿ ಮನೆಯ ಸಾಮಾನನ್ನೆಲ್ಲ ಕಟ್ಟಿಟ್ಟಳು. ಹೋಗುವುದೇ ಆದರೆ ತೋರಿಸಿಯೇ ಹೋಗೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡರು. ಲೇಔಟಿನ ಹಿಂದಿನ ಗೋಡೆಗೆ ಬಿಳಿ ಬಣ್ಣವಿತ್ತು. ಸಂಜೆ ಬೆಳಕು ಇಳಿಯುತ್ತಿದ್ದಂತೆ ಪ್ರೊಜೆಕ್ಟರನ್ನು ಅದರ ಕಡೆ ತಿರುಗಿಸಿದಳು. ತಮ್ಮ ಮುಖ ಬರುತ್ತದೆಂದು ತಿಳಿದು ಎಲ್ಲರೂ ಬಂದರು. ನಿಲ್ಲಿಸಲೆಂದು ವೀರೇಶರೂ ಬಂದರು.

ಅವರು ಬಾಯಿ ತೆರೆಯುವಷ್ಟರಲ್ಲಿ ಗೋಡೆಯ ಮೇಲೆ ಅವರೇ ಬಂದರು. ಮನೆಯಿಂದ ಕಾರು ತೆಗೆದು, ಎರಡು ತಿರುವು ದಾಟಿ, ಜಿಮ್ಮಿನ ಮುಂದೆ ನಿಲ್ಲಿಸಿ, ಒಳಗೆ ಹೋಗಿ ಓಡುವ ಪಟ್ಟಿಯ ಮೇಲೆ ನಡೆಯುತ್ತಿದ್ದರು. ವೀರೇಶರ ಹೆಂಡತಿಗೆ ಮೊದಲು ನಗು ಬಂತು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಒಂದೇ ಬೀದಿಯ ಮೂರು ಕಾರು, ಒಂದರ ಹಿಂದೊಂದು, ಒಂದೇ ಶಾಲೆಯ ಮುಂದೆ ಒಂದೊಂದು ಮಗುವನ್ನು ಇಳಿಸಿದವು. ಒಬ್ಬರು ನಿಂಬೆಹಣ್ಣು ತರಲು ಹೋಗಿ, ಅದನ್ನೇ ಮರೆತು ಬಂದು, ಮತ್ತೆ ಹೋದರು. ತಮ್ಮ ಸರದಿ ಬಂದಾಗ ಜನ ಮುಖ ಮುಚ್ಚಿಕೊಂಡರು, ಬೆರಳ ಸಂದಿಯಿಂದ ನೋಡಿದರು.

ಆಮೇಲೆ ಕಸ್ತೂರಕ್ಕನ ಕೋತಂಬರಿ ಬಂತು. ಪಕ್ಕದ ಮನೆಯವರು ಕಾರಿನಲ್ಲಿ ಹುಬ್ಬಳ್ಳಿಯಿಂದ ತಂದುಕೊಟ್ಟ ಸಿವುಡು. ಅದು ಬಂದ ದಾರಿ ಹಿಡಿದು ಚಿತ್ರ ಹಿಂದೆ ಹಿಂದೆ ಹೋಯಿತು: ಹೆದ್ದಾರಿ, ಮಾರ್ಕೆಟ್ಟು, ಮತ್ತೆ ಹೆದ್ದಾರಿ, ಟೆಂಪೋ, ಕೆಂಪು ಮಣ್ಣಿನ ಹಾದಿ, ಹಸಿರು ಸೊಪ್ಪಿನ ಮಡಿ. ಮಡಿಯಲ್ಲಿ ಕುಳಿತ ಯಲ್ಲವ್ವ ಎಂಬ ರೈತ ಹೆಂಗಸು ಸೊಪ್ಪು ಕಟ್ಟುತ್ತಿದ್ದಳು. ಅವಳ ಹಿಂದೆ ಉದ್ದನೆಯ ಒಂದು ಗೋಡೆ. ಕ್ಯಾಮೆರಾ ನಿಧಾನವಾಗಿ ಮೇಲೆ ಹೋಯಿತು. ಗೋಡೆಯ ಮೇಲೆ ಆಕಾಶದಲ್ಲಿ ಒಂದು ವಿಮಾನ, ಹಾರದೆ ನಿಂತಿತ್ತು.

“ಏ! ಅದು ನಮ್ಮ ಟಾಕಿ ಅಲ್ಲೇನೋ!” ಎಂದು ಕೂಗಿದವರು ವೀರೇಶರೇ.

ಚಿತ್ರದಲ್ಲಿ ಅಜ್ಜಿಯ ದನಿ ಕೇಳುತ್ತಿತ್ತು. “ಯಲ್ಲವ್ವಾರ, ಈ ಗ್ವಾಡಿ ಹಿಂದ ಯಾರು ಇರ್ತಾರ್ರೀ?”

“ಯಾರಿಗೆ ಗೊತ್ತ್ರೀ ಅಕ್ಕಾರ. ಒಮ್ಮಿನೂ ಹೊರಗ ಬಂದಿಲ್ಲ. ಏನು ತಿಂತಾರೋ, ಏನೋ!”

ಜನ ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಆ ಗದ್ದಲದ ನಡುವೆ ಗೋಡೆಯ ಮೇಲಿಂದ ನಿಜವಾದ ಯಲ್ಲವ್ವನ ತಲೆ ಮೇಲೆದ್ದಿತು. ಆಚೆ ಕಡೆ ಏಣಿ ಹಚ್ಚಿ ಹತ್ತಿದ್ದಳು.

“ನನ್ನ ದನಿ ಕೇಳಿದಂಗಾತು,” ಎಂದಳು. ಕೆಳಗೆ ಗೋಡೆಯ ತುಂಬ ತನ್ನದೇ ಮುಖ ಹೊಳೆಯುತ್ತಿದ್ದುದನ್ನು ಬಗ್ಗಿ ನೋಡಿದಳು. “ಅಯ್ಯ ನಮ್ಮವ್ವ, ಎಷ್ಟು ದೊಡ್ಡಾಕಿ ಆಗೇನಿ!”

ಕಸ್ತೂರಕ್ಕ ಗೋಡೆಯ ಬುಡಕ್ಕೆ ಹೋಗಿ ಕೈ ಎತ್ತಿದರು. “ತಂಗಿ, ನಾಳೆ ಒಂದು ಸಿವುಡು ಇಲ್ಲಿಂದನ ಕೊಡ್ತಿಯೇನ?”

“ನಾಳೆ ಯಾಕ್ರೀ, ಈಗ ತಗೋರಿ,” ಎಂದು ಯಲ್ಲವ್ವ ಇಳಿದು ಹೋಗಿ ಒಂದು ಹಿಡಿ ತಂದು ಮೇಲಿಂದ ಚೆಲ್ಲಿದಳು.

ಎಲ್ಲರೂ ವೀರೇಶರ ಕಡೆ ನೋಡಿದರು. ಅಜ್ಜಿ ಮಗಳನ್ನು ಎತ್ತಿಕೊಂಡು ನಿಂತಳು. ವೀರೇಶರು ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಅವರ ಮೀಸೆ ಅಲುಗಿತು, ಸಿಟ್ಟಿಗೋ ನಗೆಗೋ ಯಾರಿಗೂ ತಿಳಿಯಲಿಲ್ಲ.

“ಈ ಗ್ವಾಡಿ ಕಟ್ಟಿಸಿದಾಂವ ನಾನ,” ಎಂದರು ಕೊನೆಗೆ. “ಬಾಗಲಾ ಇಡಸೂದು ಮರತಿದ್ದೆ. ನಾಳೆ ಗೌಂಡಿ ಕರಸ್ತೀನಿ. ಇಂಚರಾ, ನೀ ಸಾಮಾನು ಬಿಚ್ಚು. ಆ ಜಿಮ್ಮಿಂದಷ್ಟು ಕತ್ತರಸ್ತಿಯೇನವಾ?”

“ಇಲ್ಲ ಕಾಕಾ,” ಎಂದಳು ಅಜ್ಜಿ. ಅದು ಇಂದಿಗೂ ಇದೆ.

ಒಂದು ಬಾಗಿಲಿನಿಂದ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಆ ವರ್ಷವೂ ಹಲವರು ಬೀಗ ಹಾಕಿ ಹೋದರು. ಅಂಗಡಿಯ ನಿಯಮ ತೆಗೆಯಲು ದೊಡ್ಡ ಜಗಳವೇ ಆಯಿತು, ಸಾಲುಬಂಡಿ ಬರುವ ತನಕ ಬಹಳ ಕಷ್ಟವಿತ್ತು. ಆದರೆ ಜನ ಮಾತಿಗೆ ಕೂಡತೊಡಗಿದ್ದರು. ಮೊದಲ ಮುಂಗೂಡು ತೆರೆದವರು ವೀರೇಶರು. ಕಾರು ಮಾರಿ ಅಲ್ಲಿ ಮಿರ್ಚಿ ಭಜಿ ಕರಿಯಲು ಕೂತರು. ಆ ಎಣ್ಣೆ ತೀರಿದರೂ ಈ ಎಣ್ಣೆ ಐತಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದರಂತೆ. ಎರಡನೇ ಹಂತದ ಸೈಟುಗಳು ಮಾರಾಟವಾಗಲೇ ಇಲ್ಲ. ಅಲ್ಲಿ ಯಲ್ಲವ್ವನ ಮನೆಯವರು ಮೆಣಸಿನಕಾಯಿ ಬೆಳೆದು ಅವರಿಗೇ ಕೊಟ್ಟರು.

ಸುದ್ದಿ ಬೇರೆ ಲೇಔಟುಗಳಿಗೆ ಮುಟ್ಟಿತು. ನಮ್ಮಲ್ಲೂ ತೋರಿಸು ಎಂದು ಕರೆ ಬಂತು. ಅಜ್ಜಿ ಸಿಲ್ವರ್ ವ್ಯಾಲಿಯ ಚಿತ್ರ ಒಯ್ಯಲಿಲ್ಲ. ಹೋದ ಕಡೆ ವಾರಗಟ್ಟಲೆ ಇದ್ದು, ಅಲ್ಲಿಯವರನ್ನೇ ತೆಗೆದು, ಅವರದೇ ಗೋಡೆಯ ಮೇಲೆ ತೋರಿಸಿದಳು. ಗೋಡೆಚಿತ್ರ ಎಂಬ ಹೆಸರು ಹಾಗೆ ಬಂತು. ಅವಳ ಕೈ ನಡುಗತೊಡಗಿದ ಮೇಲೆ ಕ್ಯಾಮೆರಾ ನಮ್ಮ ತಾಯಿಗೆ ಬಂತು, ಈಗ ನನಗೆ.

ಇನ್ನು ನಿಮ್ಮಲ್ಲಿ ನನ್ನ ಕೋರಿಕೆ. ನಿಮ್ಮ ಚಿತ್ರಗಳನ್ನು ನಿಲ್ಲಿಸಬೇಡಿ. ಬಾವಿ ಬತ್ತುವುದನ್ನೂ ತೋರಿಸಿ, ಗೆರೆ ಇಳಿಯುವುದನ್ನೂ ತೋರಿಸಿ, ಅವು ನಿಜ. ಅದರ ಜೊತೆಗೆ ಕ್ಯಾಮೆರಾವನ್ನು ನಿಮ್ಮ ಗೇಟಿನೊಳಗೂ ತಿರುಗಿಸಿ, ನೋಡಲು ಬಂದವರು ತಮ್ಮನ್ನು ಕಂಡು ನಗಲಿ. ನಕ್ಕವರು ಎದ್ದು ಹೋಗುವುದಿಲ್ಲ. ನನ್ನ ಅನುಭವದಲ್ಲಿ ಇದು ಒಮ್ಮೆಯೂ ತಪ್ಪಿಲ್ಲ.

ಮತ್ತೊಂದು ಮಾತು. ಲೆಕ್ಕ ಹಾಕಿ ನೋಡಿದೆ, ನೀವು ಇದನ್ನು ಓದುವ ಹೊತ್ತಿಗೆ ನಮ್ಮ ಅಜ್ಜಿ ಇನ್ನೂ ತಪ್ಪು ಹೆಜ್ಜೆ ಇಡುವ ಕೂಸು. ನಿಮ್ಮ ಬೀದಿಯಲ್ಲೋ, ನಿಮ್ಮ ಮನೆಯಲ್ಲೋ ಇರಬಹುದು. ಅವಳು ನಿಮ್ಮ ಫೋನು ಎತ್ತಿಕೊಂಡು ವಿಡಿಯೋ ಒತ್ತಿದರೆ ಕಸಿದುಕೊಳ್ಳಬೇಡಿ. ನಿಮ್ಮ ಕಾಲು, ತಿರುಗುವ ಫ್ಯಾನು, ಅರ್ಧ ಮುಖ, ಇಷ್ಟೇ ಬಂದಿರುತ್ತದೆ. ಬಂದಿರಲಿ.

ದಯವಿಟ್ಟು ಅಳಿಸಬೇಡಿ.

ನಿಮ್ಮ,
ಸಂಗವ್ವ